ಎಪ್ಪತ್ತೈದರ ಗೆರೆ

ಹಿರಿಯರು: 75ಕ್ಕೆ ಒಂದು ಗೆರೆ ಎಳೆದುಬಿಡಬೇಕು. ಅದನ್ನು ದಾಟಿದವರು ಮುಖ್ಯಮಂತ್ರಿ ಆಗಬಾರದು, ಪ್ರಧಾನಿಯಂತೂ ಆಗಲೇಬಾರದು. ನಾನು ಆ ಗೆರೆ ದಾಟಿದವನು, ಆದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಕಿರಿಯಳು: ಹಕ್ಕಿದೆ ಮೇಷ್ಟ್ರೇ, ಒಪ್ಪಿದೆ. ಆದರೆ ಯಾಕೆ 75? ಯಾಕೆ 70 ಅಲ್ಲ, 80 ಅಲ್ಲ?

ಹಿರಿಯರು: ಎಲ್ಲ ಗೆರೆಗಳ ಹಣೆಬರಹವೂ ಅಷ್ಟೇ, ಎಲ್ಲೋ ಒಂದು ಕಡೆ ಎಳೆಯಲೇಬೇಕು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ 65, ಹೈಕೋರ್ಟಿನವರಿಗೆ 62. ನಮ್ಮ ರಾಜ್ಯದ ಸರ್ಕಾರಿ ನೌಕರ 60ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾನೆ. ಲೋಕಸಭೆಗೆ ನಿಲ್ಲಲು 25 ತುಂಬಿರಬೇಕು, ರಾಜ್ಯಸಭೆಗೆ 30, ರಾಷ್ಟ್ರಪತಿಯಾಗಲು 35. ಎಳಸು ಬುದ್ಧಿಗೆ ನಮ್ಮ ಸಂವಿಧಾನ ಬೇಲಿ ಹಾಕಿದೆ, ಮುಪ್ಪಿಗೆ ಹಾಕಿಲ್ಲ. 24ರ ಹುಡುಗಿಗೆ ಪಕ್ವತೆ ಸಾಲದು ಎಂದು ಅವಳ ವಾರಿಗೆಯವರನ್ನೆಲ್ಲ ಹೊರಗಿಡಬಹುದಾದರೆ, 85ರ ಮುದುಕನಿಗೆ ಅದೇ ನ್ಯಾಯ ಯಾಕೆ ಬೇಡ?

ಕಿರಿಯಳು: ಆ ಹುಡುಗಿ ಇನ್ನೊಂದು ವರ್ಷ ಕಾದರೆ ಅರ್ಹಳಾಗುತ್ತಾಳೆ. ನಿಮ್ಮ ಗೆರೆ ದಾಟಿದವರಿಗೆ ವಾಪಸು ಬರುವ ದಾರಿಯೇ ಇಲ್ಲ. ಒಂದು ಕಾಯಿಸುವ ಗೆರೆ, ಇನ್ನೊಂದು ತಳ್ಳಿಹಾಕುವ ಗೆರೆ. ಇನ್ನು ನ್ಯಾಯಮೂರ್ತಿಗಳನ್ನು ಜನ ಆರಿಸುವುದೂ ಇಲ್ಲ, ಐದು ವರ್ಷಕ್ಕೊಮ್ಮೆ ಇಳಿಸುವುದೂ ಇಲ್ಲ. ಹಾಗಾಗಿ ವಯಸ್ಸೇ ಅವರನ್ನು ಇಳಿಸಬೇಕು. ರಾಜಕಾರಣಿಯನ್ನು ಇಳಿಸಲು ಮತದಾರ ಇದ್ದಾನಲ್ಲ.

ಹಿರಿಯರು: ಮತದಾರನ ಕಣ್ಣಿಗೆ ಅಭ್ಯರ್ಥಿ ಬೀಳುವ ಹೊತ್ತಿಗೆ ಪಕ್ಷದ ಒಳಮನೆಯಲ್ಲಿ ಎಲ್ಲ ತೀರ್ಮಾನವಾಗಿ ಮುಗಿದಿರುತ್ತದೆ. ಒಳಮನೆಯಲ್ಲಿ ಕೂತವರು ಹಳಬರು. ಈ ದೇಶದ ಹತ್ತಿರಹತ್ತಿರ ಅರ್ಧ ಜನ 30ರೊಳಗಿನವರು. 2024ರಲ್ಲಿ ಆರಿಸಿ ಬಂದ ಲೋಕಸಭೆಯ ಸರಾಸರಿ ವಯಸ್ಸು 56ರ ಆಸುಪಾಸು. 1952ರ ಮೊದಲ ಲೋಕಸಭೆ ಇದಕ್ಕಿಂತ ಸುಮಾರು 10 ವರ್ಷ ಕಿರಿಯದಾಗಿತ್ತು. ಆದರೆ ನನ್ನ ಮುಖ್ಯ ಆತಂಕ ಈ ಲೆಕ್ಕದ್ದಲ್ಲ, ಮನಸ್ಸಿನದು. ವಯಸ್ಸಾದಂತೆ ಹೊಸ ವಿಚಾರ ಒಳಗೆ ಇಳಿಯುವುದಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ.

ಕಿರಿಯಳು: ಆ ಗಾದೆ ಹುಟ್ಟಿದ ಕಾಲದಲ್ಲಿ 60 ಮುಟ್ಟುವವರೇ ಕಡಿಮೆ. ನಾನು ಪಾಠ ಮಾಡುವ ವಿಷಯವೇ ಇದಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೇಮಂಡ್ ಕ್ಯಾಟೆಲ್ ಎಂಬ ಮನೋವಿಜ್ಞಾನಿ ಬುದ್ಧಿಶಕ್ತಿಯನ್ನು ಎರಡು ಬಗೆಯಾಗಿ ನೋಡಿದ. ಹಿಂದೆಂದೂ ಕಾಣದ ಸಮಸ್ಯೆಯನ್ನು ಆ ಕ್ಷಣದಲ್ಲೇ ಬಿಡಿಸುವ ಚುರುಕು ಒಂದು. ಬದುಕಿನುದ್ದಕ್ಕೂ ಕೂಡಿಟ್ಟ ತಿಳಿವಳಿಕೆ, ಮಾತು, ವಿವೇಚನೆ ಇನ್ನೊಂದು. ಮೊದಲನೆಯದು ಹರೆಯದಲ್ಲೇ ತುದಿ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ಎರಡನೆಯದು ಬಹಳ ಕಾಲ ನಿಲ್ಲುತ್ತದೆ, ಎಷ್ಟೋ ಜನರಲ್ಲಿ 60 ದಾಟಿದ ಮೇಲೂ ಏರುತ್ತದೆ. ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣವೂ ಇಳಿವಯಸ್ಸಿನಲ್ಲಿ ಸರಾಸರಿಯಾಗಿ ಸ್ವಲ್ಪ ಕುಗ್ಗುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ.

ಹಿರಿಯರು: ನೀನೇ ಒಪ್ಪಿಕೊಂಡೆಯಲ್ಲ.

ಕಿರಿಯಳು: ಸರಾಸರಿಯಾಗಿ, ಸ್ವಲ್ಪ. ಒಂದೇ ವಯಸ್ಸಿನ ಇಬ್ಬರ ನಡುವಿನ ಅಂತರ ಈ ಇಳಿತಕ್ಕಿಂತ ಎಷ್ಟೋ ದೊಡ್ಡದು. ಇನ್ನೊಂದು ಸಂಗತಿ ಇದೆ. ಪೆನ್ನಿ ವಿಸರ್, ಜಾನ್ ಕ್ರಾಸ್ನಿಕ್ ಎಂಬ ಇಬ್ಬರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜನ ತಮ್ಮ ಅಭಿಪ್ರಾಯ ಬದಲಿಸಿಕೊಳ್ಳಲು ಹೆಚ್ಚು ಸಿದ್ಧರಿರುವುದು ಎರಡು ಘಟ್ಟಗಳಲ್ಲಿ: ಹರೆಯದಲ್ಲಿ ಮತ್ತು ಇಳಿವಯಸ್ಸಿನಲ್ಲಿ. ಅತಿ ಬಿಗಿಯಾಗಿರುವುದು ನಡುವಯಸ್ಸಿನವರು. ಅಂದರೆ ನೀವು ಯಾರ ಕೈಗೆ ದೇಶವನ್ನು ಕೊಡಬೇಕು ಅನ್ನುತ್ತೀರೋ ಆ 50ರವರು.

ಹಿರಿಯರು: ಅಭಿಪ್ರಾಯ ಬದಲಾಗುವುದು ಬೇರೆ, ಮನಸ್ಸು ತೆರೆದಿರುವುದು ಬೇರೆ. ಮುದುಕ ಕೊನೆಗೆ ಕಿವಿಯೂದಿದವರ ಮಾತು ಕೇಳುತ್ತಾನೆ. ಅದು ಉದಾರತೆ ಅಲ್ಲ, ಸುಸ್ತು.

ಕಿರಿಯಳು: ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಅಂಕಿಅಂಶದಿಂದ ಉತ್ತರ ಬರುವುದಿಲ್ಲ, ಒಂದು ಬದುಕನ್ನೇ ತೆಗೆದು ನೋಡಬೇಕು. ಗ್ಲ್ಯಾಡ್‌ಸ್ಟನ್ ಬಗ್ಗೆ ನನಗೆ ಪಾಠ ಮಾಡಿದವರು ನೀವೇ.

ಹಿರಿಯರು: ನನ್ನ ವಿರುದ್ಧ ನನ್ನ ಪಾಠವನ್ನೇ ತಂದೆ, ಇರಲಿ. ಸತ್ಯ ಸತ್ಯವೇ, ಪೂರ್ತಿ ಹೇಳಿಬಿಡುತ್ತೇನೆ. ವಿಲಿಯಂ ಗ್ಲ್ಯಾಡ್‌ಸ್ಟನ್ ಹುಟ್ಟಿದ್ದು 1809ರಲ್ಲಿ, ಲಿವರ್‌ಪೂಲ್‌ನಲ್ಲಿ. ಅಪ್ಪ ಕೆರಿಬಿಯನ್ ಕಡೆಯ ತೋಟಗಳ ಮಾಲೀಕ. ಆ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಮಗ 23ಕ್ಕೆ ಪಾರ್ಲಿಮೆಂಟಿಗೆ ಬಂದ. 1833ರಲ್ಲಿ ಗುಲಾಮಗಿರಿ ರದ್ದತಿಯ ಚರ್ಚೆ ನಡೆದಾಗ ಎದ್ದು ನಿಂತು ಮಾತಾಡಿದ್ದು ತೋಟದ ಮಾಲೀಕರ ಪರವಾಗಿ. 1838ರಲ್ಲಿ ಒಂದು ಪುಸ್ತಕ ಬರೆದ. ರಾಜ್ಯಕ್ಕೆ ಒಂದು ಧರ್ಮಪ್ರಜ್ಞೆ ಇರಬೇಕು, ಅದು ಇಂಗ್ಲೆಂಡಿನ ಚರ್ಚನ್ನೇ ಎತ್ತಿ ಹಿಡಿಯಬೇಕು ಎಂಬುದು ಅದರ ವಾದ. ಆಗ ಅವನಿಗೆ 28. ಕಟ್ಟಾ ಸಂಪ್ರದಾಯವಾದಿಗಳೆಲ್ಲ ನಾಳೆಯ ನಾಯಕ ಇವನೇ ಎಂದು ನೋಡುತ್ತಿದ್ದ ಕಾಲ.

ಕಿರಿಯಳು: ಆಮೇಲೆ?

ಹಿರಿಯರು: ಆಮೇಲಿನದು ಇತಿಹಾಸದಲ್ಲಿ ನಾನು ಬಹಳ ಪ್ರೀತಿಸುವ ಪ್ರಯಾಣಗಳಲ್ಲಿ ಒಂದು. ಐರ್ಲೆಂಡಿನಲ್ಲಿ ಬಹುಸಂಖ್ಯಾತರು ಕ್ಯಾಥಲಿಕರು, ಆದರೆ ಸರ್ಕಾರಿ ಮನ್ನಣೆಯ ಚರ್ಚು ಪ್ರಾಟೆಸ್ಟಂಟರದು. ಆ ಮನ್ನಣೆಯನ್ನು 1869ರಲ್ಲಿ ಕಾನೂನು ಮಾಡಿ ಕಿತ್ತುಹಾಕಿದ್ದು ಇದೇ ಗ್ಲ್ಯಾಡ್‌ಸ್ಟನ್, ತನ್ನ 59ನೇ ವಯಸ್ಸಿನಲ್ಲಿ, ತಾನೇ ಬರೆದ ಪುಸ್ತಕಕ್ಕೆ ನೇರ ವಿರುದ್ಧವಾಗಿ. 1885ರ ಕೊನೆಯಲ್ಲಿ, 76 ತುಂಬುವ ಹೊತ್ತಿಗೆ, ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬೇಕು ಎಂಬ ನಿಲುವಿಗೆ ಬಂದ. ಅದರಿಂದ ಅವನಿಗೆ ಸಿಕ್ಕಿದ್ದೇನು? 1886ರ ಜೂನ್‌ನಲ್ಲಿ ಮಸೂದೆ 343ಕ್ಕೆ 313 ಮತಗಳಿಂದ ಬಿತ್ತು. ತಾನೇ ಬೆಳೆಸಿದ ಲಿಬರಲ್ ಪಕ್ಷ ಒಡೆಯಿತು, ಅಧಿಕಾರ ಹೋಯಿತು. ಆದರೂ ಬಿಡಲಿಲ್ಲ. 1892ರಲ್ಲಿ 82ರ ಮುದುಕ ನಾಲ್ಕನೇ ಸಲ ಪ್ರಧಾನಿಯಾದ. ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಂದವಾಗಿತ್ತು. ಮರುವರ್ಷ ಮಸೂದೆಯನ್ನು ಕಾಮನ್ಸ್ ಸಭೆಯಲ್ಲಿ ದಿನಗಟ್ಟಲೆ ನಿಂತು ವಾದಿಸಿ ಗೆಲ್ಲಿಸಿದ. ಲಾರ್ಡ್ಸ್ ಸಭೆ ಅದನ್ನು 419ಕ್ಕೆ 41 ಮತಗಳಿಂದ ಒದ್ದುಹಾಕಿತು.

ಕಿರಿಯಳು: ಕಿವಿಯೂದಿದವರ ಮಾತು ಕೇಳಿ ಸುಸ್ತಾಗಿ ಬದಲಾದ ಮನುಷ್ಯನ ಕತೆ ಇದಲ್ಲ, ಅಲ್ಲವೇ? ಪ್ರತಿ ಬದಲಾವಣೆಗೂ ಕೈಯಿಂದ ಬೆಲೆ ತೆತ್ತಿದ್ದಾನೆ. ನನ್ನ ಲೆಕ್ಕದಲ್ಲಿ ತೆರೆದ ಮನಸ್ಸಿನ ಗುರುತು ಅದೇ: ಬದಲಾದರೆ ನಷ್ಟ ಎಂದು ಗೊತ್ತಿದ್ದೂ ಬದಲಾಗುವುದು. ಗಾಳಿ ಬಂದ ಕಡೆ ತಿರುಗುವವರು ಎಲ್ಲ ವಯಸ್ಸಿನಲ್ಲೂ ಸಿಗುತ್ತಾರೆ.

ಹಿರಿಯರು: ನಿಲ್ಲು, ಕತೆ ಮುಗಿದಿಲ್ಲ. ಅದೇ 1892ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಡುವ ಪ್ರಸ್ತಾಪ ಬಂದಾಗ ಗ್ಲ್ಯಾಡ್‌ಸ್ಟನ್ ವಿರೋಧಿಸಿದ. ಐರ್ಲೆಂಡಿನ ಕೂಗು ಕೇಳಿದ ಮನುಷ್ಯನಿಗೆ ತನ್ನ ದೇಶದ ಅರ್ಧ ಜನರ ಕೂಗು ಕೇಳಲಿಲ್ಲ. ಇಂಥ ಮಹಾನುಭಾವನಿಗೇ ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚಿತ್ತು. ಅಷ್ಟೂ ಇಲ್ಲದವರ ಗತಿ ಏನು? ನೂರರಲ್ಲಿ ಒಬ್ಬ ಗ್ಲ್ಯಾಡ್‌ಸ್ಟನ್ ಸಿಕ್ಕಾನು ಎಂದು ಕಾನೂನು ಮಾಡಲಾಗುವುದಿಲ್ಲ. ಮಾವೋನನ್ನು ತೆಗೆದುಕೊ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಎಂದು ಶಾಲೆಯ ಮಕ್ಕಳನ್ನು ಮೇಷ್ಟ್ರುಗಳ ಮೇಲೆ ಛೂ ಬಿಟ್ಟಾಗ ಅವನಿಗೆ 72. ಒಂದು ಪೀಳಿಗೆಯ ಓದೇ ಹಾಳಾಯಿತು.

ಕಿರಿಯಳು: ಅದೇ ದೇಶದಲ್ಲಿ, ಅದೇ ಪಕ್ಷದಲ್ಲಿ, 1978ರಲ್ಲಿ ಆ ನೀತಿಗಳನ್ನೆಲ್ಲ ತಿರುಗಿಸಿದ ಡೆಂಗ್ ಷಿಯಾವೊಪಿಂಗ್‌ಗೆ 74. ಅಂದರೆ ಕೆಡಿಸಿದವನಿಗಿಂತ ಸರಿಮಾಡಿದವನ ವಯಸ್ಸು ಹೆಚ್ಚು! ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಮಾವೋ 1949ರಿಂದ ಎತ್ತರದ ಪೀಠ ಇಳಿದವನಲ್ಲ. 1959ರಲ್ಲಿ ಲೂಶಾನ್ ಸಭೆಯಲ್ಲಿ ರಕ್ಷಣಾ ಸಚಿವ ಪೆಂಗ್ ದೆಹ್ವಾಯ್, ಹಳ್ಳಿಗಳು ಹಸಿವಿನಿಂದ ನರಳುತ್ತಿವೆ, ನಿಮ್ಮ ‘ಮಹಾ ಜಿಗಿತ’ದ ಯೋಜನೆ ತಪ್ಪು ಹಾದಿಯಲ್ಲಿದೆ ಎಂಬ ಅರ್ಥ ಬರುವ ಪತ್ರ ಕೊಟ್ಟ. ಅವನ ಪದವಿ ಹೋಯಿತು. ಆಮೇಲೆ ಮಾವೋ ಎದುರು ಬಾಯಿ ತೆರೆದವರು ಬಹಳ ಕಡಿಮೆ. ಡೆಂಗ್‌ನ ಬದುಕು ಬೇರೆ. ಎರಡು ಸಲ ಅವನನ್ನು ಕಿತ್ತೆಸೆದರು. ಜಿಯಾಂಗ್‌ಶಿ ಪ್ರಾಂತದ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ. ಸಾಮಾನ್ಯ ಮನುಷ್ಯನಿಗೆ ಸರ್ಕಾರ ಹೇಗೆ ಕಾಣುತ್ತದೆ ಎಂದು ಕೆಳಗೆ ನಿಂತು ನೋಡಿದ.

ಹಿರಿಯರು: ಅದೇ ಡೆಂಗ್ 1989ರಲ್ಲಿ, 84ರಲ್ಲಿ, ತಿಯಾನನ್ಮೆನ್ ಚೌಕದ ವಿದ್ಯಾರ್ಥಿಗಳ ಮೇಲೆ ಸೈನ್ಯ ಕಳಿಸಿದ.

ಕಿರಿಯಳು: ಹೌದು. ಆ ಹೊತ್ತಿಗೆ ಅವನೂ 10 ವರ್ಷ ಮೇಲಿನ ಪೀಠದಲ್ಲಿ ಕೂತಿದ್ದ. ಅವನೂ ಆ ಹುಡುಗರ ಕೂಗು ಕೇಳಲಾರದವನಾಗಿದ್ದ. ನೀವು ಕೊಟ್ಟ ಉದಾಹರಣೆ ನನ್ನ ಮಾತಿಗೇ ಪುಷ್ಟಿ ಕೊಡುತ್ತದೆ ಮೇಷ್ಟ್ರೇ. ಕೂತ ವರ್ಷಗಳನ್ನು ಎಣಿಸಬೇಕು, ಹುಟ್ಟಿದ ವರ್ಷವನ್ನಲ್ಲ. ಇಂದಿರಾ ಗಾಂಧಿ ತುರ್ತುಪರಿಸ್ಥಿತಿ ಹೇರಿದಾಗ ಅವರಿಗೆ 57, ಪ್ರಧಾನಿಯಾಗಿ ಒಂಬತ್ತು ವರ್ಷ ಕಳೆದಿತ್ತು. ಸಂತಾನಹರಣದ ಹೆಸರಿನಲ್ಲಿ ಬಡವರನ್ನು ಎಳೆದೊಯ್ಯಲು ಒತ್ತಡ ಹಾಕಿದ ಸಂಜಯ್ ಗಾಂಧಿಗೆ 30 ಕೂಡ ಆಗಿರಲಿಲ್ಲ. ಮತ್ತೆ ಯಾರೂ ಅಷ್ಟು ಸುಲಭವಾಗಿ ತುರ್ತುಪರಿಸ್ಥಿತಿ ಹೇರದಂತೆ 1978ರಲ್ಲಿ 44ನೇ ತಿದ್ದುಪಡಿ ತಂದದ್ದು ಮೊರಾರ್ಜಿ ದೇಸಾಯಿ ಸರ್ಕಾರ. ಮೊರಾರ್ಜಿ 81ಕ್ಕೆ ಪ್ರಧಾನಿಯಾದವರು. ನಿಮ್ಮ ಗೆರೆ ಅವರನ್ನು ಹೊರಗೆ ನಿಲ್ಲಿಸಿ ಸಂಜಯ್ ಗಾಂಧಿಯನ್ನು ಒಳಗೆ ಬಿಡುತ್ತಿತ್ತು.

ಹಿರಿಯರು: ಮೊರಾರ್ಜಿ ಹಟಮಾರಿ. ತಮ್ಮ ಸಂಪುಟವನ್ನು ಒಂದಾಗಿ ಹಿಡಿದಿಡಲು ಅವರಿಗೆ ಆಗಲಿಲ್ಲ, ಎರಡೂವರೆ ವರ್ಷದೊಳಗೆ ಸರ್ಕಾರ ಬಿತ್ತು. ಅಲ್ಲಿದ್ದ ಮೂವರು ಹಿರಿಯರೂ ತಾವೇ ಪ್ರಧಾನಿಯಾಗಬೇಕು ಎಂದು ಹೊರಟವರು. ಇಷ್ಟು ವರ್ಷ ಕಾದಿದ್ದೇನೆ, ಇನ್ನು ಸಮಯವಿಲ್ಲ ಎಂಬ ಆತುರ ಇಳಿವಯಸ್ಸಿನ ರೋಗ. ನಿನ್ನ ಪುಸ್ತಕಗಳಲ್ಲಿ ಅದು ಇದೆಯೋ ಇಲ್ಲವೋ, ನನಗೆ ಒಳಗಿನಿಂದ ಗೊತ್ತು. ಇನ್ನೊಂದು ಗೊತ್ತು, ಹೇಳಲೇ?

ಕಿರಿಯಳು: ಹೇಳಿ.

ಹಿರಿಯರು: 70 ದಾಟಿದ ಮೇಲೆ ಮನೆಯಲ್ಲಿ ನನ್ನ ಜೊತೆ ಯಾರೂ ವಾದ ಮಾಡುವುದಿಲ್ಲ. ಮೊದಲೆಲ್ಲ ಊಟಕ್ಕೆ ಕೂತರೆ ಜಗಳವೇ ಜಗಳ: ಮೀಸಲಾತಿ, ಅಣೆಕಟ್ಟು, ಸಿನಿಮಾ, ಏನು ಬೇಕಾದರೂ. ಈಗ ನಾನು ಏನಾದರೂ ಹೇಳಿದರೆ ಮಕ್ಕಳು ‘ಹೌದಪ್ಪಾ’ ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ, ವಯಸ್ಸಾಯಿತು, ಯಾಕೆ ನೋಯಿಸಬೇಕು ಎಂಬ ಅಕ್ಕರೆ. ಆ ಅಕ್ಕರೆಯಲ್ಲಿ ನನ್ನ ತಲೆ ಮಂಕಾಗುತ್ತಿದೆ. ನಾನು ಬರೀ ಮೇಷ್ಟ್ರು. ನನ್ನ ಗತಿಯೇ ಹೀಗಾದರೆ, ಬೆಳಗಾದರೆ 50 ಜನ ಕಾಲಿಗೆ ಬೀಳುವ ಮನುಷ್ಯನ ಗತಿ ಏನಾಗಬೇಡ?

ಕಿರಿಯಳು: ನೀವು ಈಗ ಹೇಳಿದ್ದೇ ಈ ಇಡೀ ಮಾತಿನ ತಿರುಳು. ಮನಸ್ಸು ತನ್ನಷ್ಟಕ್ಕೆ ಮುಚ್ಚಿಕೊಳ್ಳುವುದಕ್ಕಿಂತ ಹೆಚ್ಚಾಗಿ ಸುತ್ತಲಿನವರು ಅದನ್ನು ಮುಚ್ಚುತ್ತಾರೆ. ನಮ್ಮಲ್ಲಂತೂ ಹಿರಿಯರ ಎದುರು ಮಾತಾಡುವುದೇ ಅಪಚಾರ. ಕುಟುಂಬದಲ್ಲಿ ಅದು ಚೆಂದದ ಸಂಸ್ಕಾರವಿರಬಹುದು, ಸಂಪುಟದಲ್ಲಿ ಅದು ವಿಷ. ನಮ್ಮ ರಾಜ್ಯದಲ್ಲೇ ನೋಡಿ, ನಾಯಕನಿಗೆ ಹುಟ್ಟುಹಬ್ಬದ ಸಮಾವೇಶ, ಕಟೌಟು, ಅಭಿನಂದನಾ ಗ್ರಂಥ. ಆ ಗ್ರಂಥಗಳಲ್ಲಿ ಒಂದಾದರೂ ಭಿನ್ನಾಭಿಪ್ರಾಯದ ಲೇಖನವನ್ನು ನಾನು ಓದಿಲ್ಲ. ‘ಅಣ್ಣ’, ‘ಅಪ್ಪಾಜಿ’ ಎಂದು ಕರೆದವರಿಗೆ ‘ನಿಮ್ಮ ನಿರ್ಧಾರ ತಪ್ಪು’ ಎಂದು ಹೇಳಲು ನಾಲಗೆ ಏಳುವುದಿಲ್ಲ.

ಗಾಂಧಿಯನ್ನು ನೆನೆಸಿಕೊಳ್ಳಿ. 1921ರಲ್ಲಿ ಅವರು ಅಂತರ್ಜಾತಿ ಮದುವೆ, ಸಹಭೋಜನಗಳ ನಿಷೇಧವನ್ನು ಸಮರ್ಥಿಸಿ ಬರೆದವರು. 1946ರಲ್ಲಿ, 76ರಲ್ಲಿ, ವಧುವರರಲ್ಲಿ ಒಬ್ಬರು ದಲಿತರಾಗಿರದಿದ್ದರೆ ಆ ಮದುವೆಗೆ ತಮ್ಮ ಆಶೀರ್ವಾದವಿಲ್ಲ ಎನ್ನುವ ಹಂತಕ್ಕೆ ಬಂದರು. 1933ರಲ್ಲೇ ಓದುಗರಿಗೆ ಹೇಳಿಬಿಟ್ಟಿದ್ದರು: ನನ್ನ ಎರಡು ಬರಹಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಈಚಿನದನ್ನು ಹಿಡಿಯಿರಿ ಎಂದು. ಈ ಬದಲಾವಣೆ ಆಕಾಶದಿಂದ ಇಳಿಯಲಿಲ್ಲ. ಅವರಿಗಿಂತ 21 ವರ್ಷ ಚಿಕ್ಕವರಾದ ಅಂಬೇಡ್ಕರ್ ಮುಖಕ್ಕೆ ಮುಖ ಕೊಟ್ಟು, ಅಚ್ಚಿನಲ್ಲಿ, ವರ್ಷಗಟ್ಟಲೆ ಅವರನ್ನು ಎದುರಿಸಿದರು. ಮಹಾತ್ಮ ಎಂಬ ಬಿರುದಿಗೆ ಅಂಬೇಡ್ಕರ್ ಎಂದೂ ತಲೆಬಾಗಲಿಲ್ಲ, ಗಾಂಧಿಗೆ ಆ ಕಾಲದಲ್ಲಿ ಸಿಕ್ಕ ದೊಡ್ಡ ಉಪಕಾರ ಅದು ಎಂದು ನಾನು ನಂಬುತ್ತೇನೆ. ಜೊತೆಗೆ, ಗಾಂಧಿ ಸರ್ಕಾರದ ಯಾವ ಕುರ್ಚಿಯಲ್ಲೂ ಕೂತವರಲ್ಲ.

ಹಿರಿಯರು: ಗಾಂಧಿಯ ಉದಾಹರಣೆಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ನಾಳೆಯ ಪ್ರಶ್ನೆ ಉಳಿದೇ ಇದೆ. ಇವತ್ತು ಪಶ್ಚಿಮ ಘಟ್ಟ ಕೊರೆಯಲು ಸಹಿ ಹಾಕುವ 80ರ ಮನುಷ್ಯ ಅದರ ಫಲ ಉಣ್ಣುವುದಿಲ್ಲ. ನೀವು ಉಣ್ಣುತ್ತೀರಿ, ನಿಮ್ಮ ಮಕ್ಕಳು ಉಣ್ಣುತ್ತಾರೆ. ತಾನು ಬದುಕಿರದ ಕಾಲದ ಬಗ್ಗೆ ಮನುಷ್ಯನಿಗೆ ಕಾಳಜಿ ಎಷ್ಟಿದ್ದೀತು?

ಕಿರಿಯಳು: ಸಾಹಿತಿ ಶಿವರಾಮ ಕಾರಂತರಿಗೆ ಎಷ್ಟಿತ್ತು? 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಪರಿಸರದ ಹೆಸರಲ್ಲಿ ನಿಂತಾಗ ಅವರಿಗೆ 87. ಕೈಗಾದ ಅಣುಸ್ಥಾವರ ಬೇಡ ಎಂದು ಊರೂರು ಸುತ್ತಿದರು. ಜನ ಗೆಲ್ಲಿಸಲಿಲ್ಲ. ಅವರು ಗೆದ್ದಿದ್ದರೆ ಆ ಸದನದಲ್ಲಿ ನಾಳೆಯ ಬಗ್ಗೆ ಅವರಷ್ಟು ಖಡಾಖಂಡಿತವಾಗಿ ಮಾತಾಡುವವರು ಎಷ್ಟು ಜನ ಇರುತ್ತಿದ್ದರು? 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ತಮ್ಮ ಚಳವಳಿಗೆ ನಾಯಕನನ್ನು ಹುಡುಕಿಕೊಂಡು ಹೋದದ್ದು 71ರ ಜಯಪ್ರಕಾಶ್ ನಾರಾಯಣರ ಬಳಿಗೆ. ಇತ್ತ ಎಳೆಯ ಮುಖ ಎಂದು ಪಕ್ಷಗಳು ತಂದು ನಿಲ್ಲಿಸುವವರನ್ನು ನೋಡಿ. ಎಷ್ಟೋ ಜನ ಅಪ್ಪನ ಕ್ಷೇತ್ರ, ಅಪ್ಪನ ಜಾತಿಲೆಕ್ಕ, ಅಪ್ಪನ ಹಗೆತನ, ಎಲ್ಲವನ್ನೂ ಹೊತ್ತುಕೊಂಡು ಬಂದವರು. ಯಯಾತಿ ಮಗನ ಯೌವನ ಪಡೆದ. ಇವರು ಅಪ್ಪಂದಿರ ಮುಪ್ಪನ್ನು ಪಡೆದಿದ್ದಾರೆ.

ಹಿರಿಯರು: ಅದಕ್ಕೇ ಲಿಖಿತವಾದ ಗೆರೆ ಬೇಕು ಎನ್ನುವುದು. ಎಲ್ಲರಿಗೂ ಒಂದೇ ಗೆರೆ ಇದ್ದರೆ ಅಪ್ಪ ಹೋಗುತ್ತಾನೆ, ಹೊಸಬರಿಗೆ ಜಾಗವಾಗುತ್ತದೆ.

ಕಿರಿಯಳು: ಗೆರೆ ಎಳೆಯುವವನ ಕೈಯಲ್ಲಿ ಅದು ಏನಾಗುತ್ತದೆ ಎಂದು ಕಂಡಿದ್ದೇವೆ. ಬಿಜೆಪಿಯಲ್ಲಿ 75ರ ಮಾತು ಶುರುವಾಯಿತು. 2014ರ ಆಗಸ್ಟ್‌ನಲ್ಲಿ ಅಡ್ವಾಣಿ, ಮುರಳಿ ಮನೋಹರ ಜೋಶಿ ಮಾರ್ಗದರ್ಶಕ ಮಂಡಲಕ್ಕೆ ಹೋದರು. 2016ರಲ್ಲಿ ಆನಂದಿಬೆನ್ ಪಟೇಲ್ 75 ಹತ್ತಿರವಾಯಿತೆಂದು ಗುಜರಾತಿನ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆದರೆ ನಮ್ಮ ಯಡಿಯೂರಪ್ಪನವರು 76ರಲ್ಲಿ ಮುಖ್ಯಮಂತ್ರಿಯಾಗಿ 78ರಲ್ಲಿ ಇಳಿದರು. ನಿಯಮ ಎಲ್ಲೂ ಬರೆದಿಟ್ಟದ್ದಲ್ಲ, ಬೇಕಾದಾಗ ಉಂಟು, ಬೇಡವಾದಾಗ ಇಲ್ಲ. ಚೀನಾದಲ್ಲೂ ಹೀಗೆಯೇ. 68 ಆದವರು ಮೇಲಿನ ಸಮಿತಿಯಿಂದ ಇಳಿಯಬೇಕು ಎಂಬ ಪದ್ಧತಿ ಇತ್ತು. 2022ರಲ್ಲಿ 69ರ ಷಿ ಜಿನ್‌ಪಿಂಗ್ ಉಳಿದರು, ಅವರಿಗಿಂತ ಕಿರಿಯರು ಕೆಲವರು ಹೋದರು. ಅಲ್ಲಿನ ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ಮಿತಿ ಸಂವಿಧಾನದಲ್ಲೇ ಇತ್ತು, ಅದನ್ನೂ 2018ರಲ್ಲಿ ತೆಗೆದಾಗಿತ್ತು.

ಹಿರಿಯರು: ಬರೆದಿದ್ದನ್ನೂ ಅಳಿಸುತ್ತಾರೆ ಎಂದಾಯಿತು. ಹಾಗೆಂದು ಬರೆಯುವುದನ್ನೇ ಬಿಡಲಾದೀತೆ?

ಈ ಜಗಳ ಹೊಸದಲ್ಲ ಕಣಮ್ಮ. ಪಂಪ ಸಾವಿರ ವರ್ಷದ ಹಿಂದೆಯೇ ಇದನ್ನು ಎತ್ತಿದ್ದಾನೆ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟಿದಾಗ ಕರ್ಣ ಸಭೆಯಲ್ಲೇ ಆಕ್ಷೇಪ ಎತ್ತುತ್ತಾನೆ: ಈ ಮುದುಕನಿಗೆ ಪಟ್ಟ ಕಟ್ಟಿದರೆ ಹಗೆಗಳು ನಗುವುದಿಲ್ಲವೇ ಎಂಬ ಧಾಟಿಯಲ್ಲಿ. ಅದಕ್ಕೆ ದ್ರೋಣ ಏನು ಮಾಡುತ್ತಾನೆ? ಸಿಂಹದ ಮುಪ್ಪನ್ನು ಹೀಗಳೆಯಬಹುದೇ ಎನ್ನುತ್ತಾನೆ, ಅಲ್ಲಿಗೆ ನಿಲ್ಲದೆ ಕರ್ಣನ ಹುಟ್ಟನ್ನು ಹಂಗಿಸುತ್ತಾನೆ. ಕರ್ಣ ಕುಲದ ಮೇಲೆ ತಿರುಗಿಬೀಳುತ್ತಾನೆ. ಕನ್ನಡಿಗರೆಲ್ಲ ಕರ್ಣನ ಆ ಉತ್ತರವನ್ನು ನೆನೆಯುತ್ತೇವೆ, ನೆನೆಯಲೂ ಬೇಕು. ಆದರೆ ಅವನು ಮೊದಲು ಕೇಳಿದ ಪ್ರಶ್ನೆ ಏನಾಯಿತು? ಈ ವಯಸ್ಸಿನಲ್ಲಿ ಇವರಿಗೆ ಇದು ಆಗುತ್ತದೆಯೇ ಎಂಬುದಕ್ಕೆ ಆ ಸಭೆಯಲ್ಲಿ ನೇರ ಉತ್ತರ ಬರಲಿಲ್ಲ. ಗೌರವದ ಮಾತು ಬಂತು, ಜಾತಿಯ ಮಾತು ಬಂತು. ಇವತ್ತಿಗೂ ಹಾಗೆಯೇ. ನಾಯಕನ ವಯಸ್ಸಿನ ಪ್ರಶ್ನೆ ಎತ್ತಿದರೆ, ನಮ್ಮ ಸಮುದಾಯದ ನಾಯಕನಿಗೆ ಅವಮಾನ ಎಂದು ಮರುದಿನವೇ ಪತ್ರಿಕಾಗೋಷ್ಠಿ.

ಕಿರಿಯಳು: ಇದನ್ನು ಪೂರ್ತಿ ಒಪ್ಪುತ್ತೇನೆ. ಪ್ರಶ್ನೆಯನ್ನು ನೇರವಾಗಿ ಕೇಳಬೇಕು, ನೇರವಾಗಿ ಉತ್ತರಿಸಬೇಕು. ನನ್ನ ತಕರಾರು ಗೆರೆಯ ಬಗ್ಗೆ ಮಾತ್ರ, ಪ್ರಶ್ನೆಯ ಬಗ್ಗೆ ಅಲ್ಲ.

ಹಿರಿಯರು: ಹಾಗಾದರೆ ಮನಸ್ಸಿನ ಮಾತು ಸಾಕು, ದೇಹಕ್ಕೆ ಬಾ. ನಿಜವಾಗಿ ಹೆದರಬೇಕಾದ್ದು ಅಲ್ಲಿ. 1953ರ ಜೂನ್‌ನಲ್ಲಿ ಚರ್ಚಿಲ್‌ಗೆ 78. ಇಟಲಿಯ ಪ್ರಧಾನಿಗೆ ಏರ್ಪಡಿಸಿದ್ದ ಔತಣದ ರಾತ್ರಿ ಪಾರ್ಶ್ವವಾಯು ಹೊಡೆಯಿತು. ಮಾತು ತೊದಲಿತು, ಕಾಲು ನಿಲ್ಲಲಿಲ್ಲ. ಪತ್ರಿಕೆಗಳ ಮಾಲೀಕರು ಸುದ್ದಿಯನ್ನು ಒಳಗೇ ಇಟ್ಟರು, ಪ್ರಧಾನಿಗೆ ವಿಶ್ರಾಂತಿ ಬೇಕಾಗಿದೆ ಎಂಬ ಹೇಳಿಕೆ ಹೊರಬಿತ್ತು. ಕೈಯಲ್ಲಿ ಅಣುಬಾಂಬ್ ಇದ್ದ ದೇಶ! ಅವರು 1955ರ ಏಪ್ರಿಲ್‌ವರೆಗೆ ಕುರ್ಚಿ ಬಿಡಲಿಲ್ಲ. ಪೂರ್ತಿ ವಿವರ ಜನಕ್ಕೆ ಗೊತ್ತಾದದ್ದು ಅವರು ಸತ್ತ ಮೇಲೆ, 1966ರಲ್ಲಿ, ವೈದ್ಯ ಲಾರ್ಡ್ ಮೊರಾನ್ ಬರೆದ ಪುಸ್ತಕದಿಂದ.

ಕಿರಿಯಳು: ಮುಚ್ಚಿಟ್ಟ ಪಟ್ಟಿಯಲ್ಲಿ ಮುದುಕರಷ್ಟೇ ಇಲ್ಲವಲ್ಲ. ಅಮೆರಿಕದ ವುಡ್ರೋ ವಿಲ್ಸನ್ 1919ರಲ್ಲಿ ಪಾರ್ಶ್ವವಾಯುವಿನಿಂದ ಬಿದ್ದಾಗ 62. ಅಧ್ಯಕ್ಷರ ಹತ್ತಿರ ಯಾವ ಕಾಗದ ಹೋಗಬೇಕು, ಯಾರು ಹೋಗಬೇಕು ಎಂದು ತಿಂಗಳುಗಟ್ಟಲೆ ನಿರ್ಧರಿಸಿದವರು ಅವರ ಹೆಂಡತಿ. ಫ್ರಾನ್ಸಿನ ಮಿತೆರಾಂ 1981ರಲ್ಲಿ ಅಧ್ಯಕ್ಷರಾದರು, ಆರು ತಿಂಗಳಿಗೊಮ್ಮೆ ಆರೋಗ್ಯದ ವರದಿ ಪ್ರಕಟಿಸುವ ಮಾತು ಕೊಟ್ಟರು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು. 1992ರವರೆಗೂ ವರದಿಗಳು ಅದನ್ನು ಬಿಟ್ಟೇ ಬಂದವು. ನಮ್ಮ ಪಕ್ಕದಲ್ಲೇ, ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 2016ರಲ್ಲಿ 75 ದಿನ ಚೆನ್ನೈನ ಆಸ್ಪತ್ರೆಯಲ್ಲಿದ್ದರು. ಅವರಿಗೆ 68. ಒಂದು ದೊಡ್ಡ ರಾಜ್ಯದ ಜನ ತಮ್ಮ ಮುಖ್ಯಮಂತ್ರಿಯ ಸ್ಥಿತಿ ಏನೆಂದು ಗೋಡೆಯಾಚೆ ನಿಂತು ಊಹಿಸಬೇಕಾಯಿತು. ಆಮೇಲೆ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು. ನಿಮ್ಮ 75ರ ಗೆರೆ ಈ ಮೂವರಲ್ಲಿ ಒಬ್ಬರನ್ನೂ ಹಿಡಿಯುತ್ತಿರಲಿಲ್ಲ.

ಹಿರಿಯರು: 2024ರ ಬೈಡನ್‌ರನ್ನು ಹಿಡಿಯುತ್ತಿತ್ತು. 81ರಲ್ಲಿ, ಜೂನ್ 27ರ ಚರ್ಚೆಯಲ್ಲಿ ವಾಕ್ಯ ಮುಗಿಸಲಾರದೆ ನಿಂತದ್ದನ್ನು ಜಗತ್ತೇ ನೋಡಿತು. ಜುಲೈ 21ಕ್ಕೆ ಕಣದಿಂದ ಹಿಂದೆ ಸರಿದರು. ಅದಕ್ಕೂ ಮೊದಲು ಹತ್ತಿರದವರಿಗೆ ಏನೂ ಕಾಣಿಸಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಕಿರಿಯಳು: ಹತ್ತಿರದವರು ಹೇಳಲಿಲ್ಲ, ಮತ್ತೆ ಅದೇ ರೋಗ. ಅದಕ್ಕೆ ಮದ್ದು ವಯಸ್ಸಿನ ಗೆರೆಯಲ್ಲ, ಅವಧಿಯ ಗೆರೆ. ಒಬ್ಬರು ಹತ್ತು ವರ್ಷಕ್ಕಿಂತ ಹೆಚ್ಚು ಮುಖ್ಯಮಂತ್ರಿ ಅಥವಾ ಪ್ರಧಾನಿಯಾಗಿರಬಾರದು. 75ರ ಮಂಡೇಲಾ 1994ರಲ್ಲಿ ಅಧ್ಯಕ್ಷರಾಗಿ ಒಂದೇ ಅವಧಿಗೆ ಸಾಕೆಂದು ಎದ್ದುಹೋದರು. ಜಿಂಬಾಬ್ವೆಯ ಮುಗಾಬೆ 1980ರಲ್ಲಿ, 56ರಲ್ಲಿ, ಕೂತವರು 93ರವರೆಗೆ ಏಳಲಿಲ್ಲ. ಮುಗಾಬೆ ಕೂಡ ಹತ್ತು ವರ್ಷಕ್ಕೆ ಇಳಿದಿದ್ದರೆ ಆ ದೇಶ ಅವರನ್ನು ಬೇರೆ ರೀತಿ ನೆನೆಯುತ್ತಿತ್ತು.

ಹಿರಿಯರು: ನಮ್ಮದು ಸಂಸದೀಯ ಪದ್ಧತಿ. ಹತ್ತು ವರ್ಷ ಮುಗಿದ ದಿನ ಅವರು ಮಗನನ್ನೋ ನಂಬಿಕಸ್ತನನ್ನೋ ಕೂರಿಸಿ ಹಿಂದಿನಿಂದ ಆಳುತ್ತಾರೆ.

ಕಿರಿಯಳು: ಆಳಲಿ, ಕಷ್ಟಪಟ್ಟು ಆಳಲಿ. ಕುರ್ಚಿಯಲ್ಲಿ ಕೂತವನಿಗೆ ನಿಧಾನವಾಗಿ ಬೆನ್ನೆಲುಬು ಬರುತ್ತದೆ. ಆಗ ಮೊದಲ ಸಲ ಒಬ್ಬನಾದರೂ ಅವರಿಗೆ ಎದುರು ಮಾತಾಡುತ್ತಾನೆ.

ಹಿರಿಯರು: ಸರಿ, ಅವಧಿಯ ಗೆರೆಯನ್ನು ನಾನು ಒಪ್ಪುತ್ತೇನೆ. ನನ್ನ 75ನ್ನು ಬಿಟ್ಟುಕೊಡುವುದಿಲ್ಲ, ಎರಡೂ ಇರಲಿ. ಆದರೆ ಮುಚ್ಚಿಡುವ ಚಾಳಿಗೆ ಅವಧಿ ಮದ್ದಲ್ಲ. ಅಭ್ಯರ್ಥಿ ಆಸ್ತಿ ಎಷ್ಟು, ಓದು ಎಷ್ಟು, ಮೊಕದ್ದಮೆ ಎಷ್ಟು ಎಂದು ಪ್ರಮಾಣಪತ್ರ ಕೊಡಬೇಕು. ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ ಮೇಲೆ ಬಂದದ್ದು ಅದು. ಆರೋಗ್ಯವನ್ನೂ ಅದರಲ್ಲಿ ಸೇರಿಸಲಿ.

ಕಿರಿಯಳು: ಅಲ್ಲಿ ನನಗೆ ಭಯವಿದೆ. ಅಂಗವೈಕಲ್ಯ ಇದ್ದವರನ್ನು, ಎಂದೋ ಖಿನ್ನತೆಗೆ ಔಷಧಿ ತೆಗೆದುಕೊಂಡವರನ್ನು ಆ ಕಾಗದ ಹಿಡಿದು ಬೀದಿಯಲ್ಲಿ ಹೀಯಾಳಿಸುತ್ತಾರೆ. ಗಾಲಿಕುರ್ಚಿಯಲ್ಲಿ ಕೂತು ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದರು, ಮಹಾಯುದ್ಧ ನಡೆಸಿದರು. ತಮ್ಮ ಕಾಲಿನ ಸ್ಥಿತಿ ಫೋಟೋದಲ್ಲಿ ಕಾಣದಂತೆ ಅವರು ಎಚ್ಚರ ವಹಿಸಬೇಕಾಯಿತು, ಯಾಕೆಂದರೆ ಆ ಕಾಲದ ಮತದಾರ ಕಾಲನ್ನು ನೋಡಿ ತಲೆಯನ್ನು ಅಳೆಯುತ್ತಿದ್ದ. ನಮ್ಮ ಮತದಾರ ಅಳೆಯುವುದಿಲ್ಲ ಎಂದು ನಿಮಗೆ ಖಾತ್ರಿ ಇದೆಯೇ?

ಹಿರಿಯರು: ಇಲ್ಲ. ಹಾಗಾದರೆ ಅಭ್ಯರ್ಥಿಗಳನ್ನು ಬಿಟ್ಟುಬಿಡು. ಪ್ರಮಾಣವಚನ ತೆಗೆದುಕೊಂಡು ಆ ಒಂದು ಕುರ್ಚಿಯಲ್ಲಿ ಕೂತವರಿಗೆ ಮಾತ್ರ, ವರ್ಷಕ್ಕೊಮ್ಮೆ. ನೆನಪು, ಗಮನ, ತೀರ್ಮಾನಿಸುವ ಶಕ್ತಿ, ಇಷ್ಟನ್ನೇ ನೋಡಲಿ, ಉಳಿದ ಕಾಯಿಲೆ ಅವರ ಖಾಸಗಿ ವಿಚಾರ. ಪರೀಕ್ಷೆ 40ರವರಿಗೂ ಇರಲಿ, 80ರವರಿಗೂ ಇರಲಿ.

ಕಿರಿಯಳು: ವೈದ್ಯರನ್ನು ಆರಿಸುವವರು ಯಾರು? ಚರ್ಚಿಲ್‌ರ ವೈದ್ಯ ಚರ್ಚಿಲ್‌ರ ಸ್ನೇಹಿತ. ಮಿತೆರಾಂ ಅವರ ವೈದ್ಯ ಮಿತೆರಾಂ ಹೇಳಿದಂತೆ ಬರೆದ.

ಹಿರಿಯರು: ಮೂವರು ವೈದ್ಯರಿರಲಿ. ಒಬ್ಬರನ್ನು ಸರ್ಕಾರ ಹೆಸರಿಸಲಿ, ಒಬ್ಬರನ್ನು ಹೈಕೋರ್ಟು, ಒಬ್ಬರನ್ನು ವಿರೋಧ ಪಕ್ಷದ ನಾಯಕ. ವರದಿ ಮೂರು ಸಾಲಿನದಾಗಿರಲಿ, ಮೂವರ ಸಹಿ ಇರಲಿ, ಸದನದ ಮೇಜಿನ ಮೇಲೆ ಬರಲಿ.

ಕಿರಿಯಳು: ಮೂವರಲ್ಲಿ ಒಬ್ಬರು ಸಹಿ ಹಾಕದಿದ್ದರೆ?

ಹಿರಿಯರು: ಯಾಕೆ ಹಾಕಲಿಲ್ಲ ಎಂದು ಅವರೇ ಬರೆಯಲಿ. ಅದೂ ಮೇಜಿನ ಮೇಲೆ ಬರಲಿ, ಸದನ ಅದನ್ನು ಚರ್ಚಿಸಲಿ.